ಇದ್ರ ಇರವಲ್ದ್ಯಾಕ ಅನ್ನೋರಿಗೆ

"ಸುಮ್ನ ಬಿದ್ದಾವ, ನಿಂಗೇನು ತ್ರಾಸು?" ಕೋಡಿನ್ಯಾಗಿನ ಬ್ಯಾಡಾದ ಇನ್‌ಕ್ಲೂಡ್ ಸಾಲು ತಗೀತೀನಿ ಅಂದ್ರ ಆಫೀಸಿನಾಗ ಇದ ಮಾತು.

ಅಕ್ಕಾರ, ಅವು ಸುಮ್ನ ಬಿದ್ದಿರಂಗಿಲ್ಲ! ಆ ಒಂದು ಸಾಲು ಅಂದ್ರ ಇಡೀ ಹೆಡರ್ ಫೈಲ್ ತಂದು ಅಲ್ಲೇ ಸುರುವಿದಂಗ. ಕಂಪೈಲರ್ ಎಲ್ಲಾನೂ ಓದಬೇಕು. ಹೆಡರಿನಾಗ ಒಂದಕ್ಷರ ಬದಲಾದ್ರ, ಅದನ್ನ ಕರಕೊಂಡ ಫೈಲೆಲ್ಲಾ ಮತ್ತ ಮೊದಲಿಂದ ಕಂಪೈಲ್. ಲಿನಕ್ಸ್ ಕರ್ನಲ್‌ನ ಹೆಡರ್ ಹಸನ ಮಾಡಲಿಕ್ಕೆ 2022ರ ಜನವರಿಯೊಳಗ ಇಂಗೊ ಮೊಲ್ನಾರ್ 2,200ಕ್ಕೂ ಹೆಚ್ಚು ತಿದ್ದುಪಡಿ ಮುಂದಿಟ್ಟರು. ಸುಮ್ನೇನು?

ಖರೇ, ಒಂದು ತಗದ್ರ ಅದರ ಆಸರಿಗೆ ನಿಂತ ಇನ್ನೊಂದು ಫೈಲ್ ಮುರೀತದ. ತನಗ ಬೇಕಾದ್ದನ್ನ ಅದು ತಾನ ಹೆಸರು ಹಿಡಿದು ಕರಕೋಬೇಕಿತ್ತು. ಆದ್ರ ಬೈಗುಳ ಮಾತ್ರ ಕಸ ತಗದಾಕಿಗೆ! ಹೋಳಿಗಿ ಮಾಡಿದಾಕಿನ್ನ ಹೊಗಳ್ತೀರಿ. ಅಟ್ಟಾ ಹಸನ ಮಾಡಿದಾಕಿದು ಕೆಲಸಲ್ಲೇನು?