ಕೈಗಾ ಕರೆಂಟು, ಪೋಖ್ರಾನ್ ಬಾಂಬು ಮತ್ತು ನಮ್ಮ ಕಾಕಾನ ಪ್ರಶ್ನೆ

ದಸರಾ ರಜೆಯಲ್ಲಿ ತುಕ್ಕಾನಟ್ಟಿಗೆ ಹೋಗಿದ್ವಿ. ನಾವು ಅಂದ್ರೆ ಹಾಸ್ಟೆಲಿನ ಒಂದೇ ರೂಮಿನ ಮೂವರು. ಒಬ್ಬನದು ಅದೇ ಊರು, ಇನ್ನಿಬ್ಬರು ಮನೆಯೂಟದ ಆಸೆಗೆ ಬೆನ್ನು ಹತ್ತಿದವರು. ರಾತ್ರಿ 11ಕ್ಕೆ ತ್ರೀ ಫೇಸ್ ಬಂತು. ಗೆಳೆಯನ ಕಾಕಾ ಬ್ಯಾಟ್ರಿ ಹಿಡ್ಕೊಂಡು ಕಬ್ಬಿಗೆ ನೀರು ಬಿಡಾಕ ಹೊಂಟ್ರು, ನಾವೂ ಹಿಂದೆ ನಡೆದ್ವಿ. ಕಬ್ಬಿನ ಗದ್ದೆಯಲ್ಲಿ ಆ ಹೊತ್ತಿಗೆ ಕಾಲಿಡೋಕೆ ಧೈರ್ಯ ಬೇಕು, ಹಾವಿಗೇನು ಟೈಮ್ ಟೇಬಲ್ ಇರೋದಿಲ್ಲ. ಮೋಟರ್ ಶುರುವಾದ ಮೇಲೆ ನಮ್ಮಲ್ಲೊಬ್ಬ ಜಂಬದಿಂದ, ಈ ಸಲದ ಸೆಮಿನಾರ್‌ಗೆ ಅಣುವಿದ್ಯುತ್ ತಗೊಂಡೀವಿ ಅಂದ. ಕಾಕಾ ಕೇಳಿದ್ದು ಒಂದೇ ಮಾತು: "ನಿಮ್ಮ ಕೈಗಾ ಕರೆಂಟು ಹಗಲೊತ್ತಿನಾಗ ಬರ್ತೈತೇನ್ರೋ?"

ಉತ್ತರ ಗೊತ್ತಿರಲಿಲ್ಲ. ಅವತ್ತಿನಿಂದ ಓದಿದ್ದನ್ನ ಇಲ್ಲಿ ಬರೀತಿದ್ದೇವೆ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಕ್ಲಬ್ಬಿನವರು ತಿದ್ದಿಕೊಳ್ಳಲಿ.

ಕಾರವಾರದ ಹತ್ತಿರ, ಕಾಳಿ ನದಿಯ ದಂಡೆಯ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ, ಒಟ್ಟು 880. ತಂಪು ಮಾಡೋಕೆ ಕದ್ರಾ ಅಣೆಕಟ್ಟಿನ ನೀರು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, 1ನೇ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಒಳಗೆ ಇಂಧನ ಇರಲಿಲ್ಲ, ಪುಣ್ಯ. ಅದೇ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲೋ ಮೊದಲು ಒಂದೂ ದಿನ ಬಿಡದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಅಣುವಿದ್ಯುತ್ ಅಂದ್ರೆ ಬರೀ ಅಪಾಯ ಅನ್ನೋರೂ, ಬರೀ ಹೆಮ್ಮೆ ಅನ್ನೋರೂ ಈ ಎರಡೂ ಸಂಗತಿಗಳನ್ನ ಒಟ್ಟಿಗೆ ಇಟ್ಕೋಬೇಕು ಅಂತ ನಮಗೆ ಅನಿಸ್ತದೆ. ಕೈಗಾ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ರು, ಸೋತ್ರು. ಕನ್ನಡ ಪಾಠದಲ್ಲಿ ನಮಗೆ ಕಾರಂತರು ಅಂದ್ರೆ ಯಕ್ಷಗಾನ, ಕಾದಂಬರಿ ಅಷ್ಟೇ. ಈ ಚುನಾವಣೆ ಮಾತು ಯಾರೂ ಹೇಳಲಿಲ್ಲ.

ಈಗ ಬಾಂಬಿನ ವಿಷಯ. ವಿದ್ಯುತ್ ಬೇರೆ, ಬಾಂಬು ಬೇರೆ ಅಂತ ನಾವೂ ನಂಬಿದ್ವಿ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಮೊದಲ ಪರೀಕ್ಷೆಯ ಹಿಂದಿದ್ದ ರಾಜಾ ರಾಮಣ್ಣ ನಮ್ಮ ತುಮಕೂರಿನವರು. ಅದಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಕೆನಡಾ ಶಾಂತಿಯ ಕೆಲಸಕ್ಕೆ ಅಂತ ಕೊಟ್ಟ ಸೈರಸ್ ರಿಯಾಕ್ಟರ್‌ನಿಂದ. ಕೆನಡಾ ಸಿಟ್ಟಾಗಿ ಸಹಾಯ ನಿಲ್ಲಿಸ್ತು. ಇನ್ನೊಬ್ಬರಿಗೂ ಹೀಗಾಗಬಾರದು ಅಂತ ದೊಡ್ಡ ದೇಶಗಳು ಅಣು ಸರಬರಾಜುದಾರರ ಗುಂಪು ಕಟ್ಟಿಕೊಂಡ್ವು. ಕೆನಡಾದ ವಿನ್ಯಾಸವನ್ನೇ ನಮ್ಮ ಎಂಜಿನಿಯರುಗಳು ಕಲಿತು, ತಿದ್ದಿ, ಸ್ವಂತ ಮಾಡಿಕೊಂಡ್ರು. ಕೈಗಾ ಆ ಮನೆತನದ್ದು. ಎಂಜಿನಿಯರಿಂಗ್ ಓದೋರಾಗಿ ನಮಗೆ ಇದು ದೊಡ್ಡ ಸಾಧನೆಯೇ.

ಆದ್ರೆ ರಿಯಾಕ್ಟರ್ ಕಟ್ಟಿದ್ರೆ ಸಾಕಾಗಲ್ಲ, ಯುರೇನಿಯಂ ಬೇಕು. ಹೊರಗಿನವರು ಕೊಡ್ತಿರಲಿಲ್ಲ, ನಮ್ಮ ಗಣಿಯದ್ದು ಸಾಲ್ತಿರಲಿಲ್ಲ. ಕೈಗಾದ 3ನೇ ಘಟಕ 2007ರಲ್ಲಿ ಗ್ರಿಡ್ಡಿಗೆ ಕರೆಂಟು ಕೊಟ್ಟಿತು, ಪಕ್ಕದ 4ನೇದು 2011ರ ತನಕ ಕಾಯಿತು. ದೊಡ್ಡ ಕಾರಣ ಇಂಧನದ ಕೊರತೆ. ಸಾಲ ಮಾಡಿ ಟ್ರ್ಯಾಕ್ಟರ್ ತಂದು ಡೀಸೆಲ್ ಇಲ್ಲದೆ ಅಂಗಳದಲ್ಲಿ ನಿಲ್ಲಿಸಿದ ಹಾಗೆ. 2008ರ ಸೆಪ್ಟೆಂಬರ್‌ನಲ್ಲಿ ಆ ಗುಂಪು ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ ವಿದೇಶಿ ಯುರೇನಿಯಂ ಬರತೊಡಗಿತು. ಆದರೆ ಅದು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರುಗಳಿಗೆ ಮಾತ್ರ. ಕೈಗಾದ ನಾಲ್ಕೂ ಘಟಕಗಳನ್ನ ಸರಕಾರ ಆ ಪಟ್ಟಿಯಿಂದ ಹೊರಗೇ ಇಟ್ಟಿತು. ಅಂದ್ರೆ ಕೈಗಾ ಓಡೋದು ದೇಶದ ಯುರೇನಿಯಂ ಮೇಲೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಗಣಿಯ ಮಾತು ಬಂದಾಗ ಅಲ್ಲಿನ ಮಂದಿ ಯಾಕೆ ಹೆದರ್ತಾರೆ, ಸರಕಾರಕ್ಕೆ ಅದು ಯಾಕೆ ಬೇಕು, ಎರಡೂ ಆಗ ಅರ್ಥ ಆಯ್ತು.

ಹೊರಗೆ ಇಟ್ಟದ್ದು ತಪ್ಪು ಅಂತ ನಾವು ಹೇಳೋದಿಲ್ಲ. ಎರಡು ಕಡೆ ಬಾಂಬಿರೋ ನೆರೆಯವರು ಕೂತಿರುವಾಗ ಹಾಸ್ಟೆಲಿನಲ್ಲಿ ಕೂತು ತೀರ್ಪು ಕೊಡೋದು ಸುಲಭ. ನಮ್ಮ ತಕರಾರು ಬೇರೆ. ಬಾಂಬಿನ ಸಲುವಾಗಿ ಘಟಕ ಖಾಲಿ ನಿಂತ ವರ್ಷಗಳ ಬಡ್ಡಿ ಯಾರ ಲೆಕ್ಕಕ್ಕೆ ಹೋಯ್ತು, ರಕ್ಷಣೆಯ ಬಜೆಟ್ಟಿಗೋ ಕರೆಂಟು ಬಿಲ್ಲಿಗೋ? ಅಣುಶಕ್ತಿಯಲ್ಲಿ ಎಲ್ಲ ಪ್ರಶ್ನೆಗೂ ದೇಶದ ಭದ್ರತೆ ಅನ್ನೋ ಒಂದೇ ಬೀಗ ಹಾಕ್ತಾರೆ. 2009ರ ನವೆಂಬರ್‌ನಲ್ಲಿ ಕೈಗಾದ ಒಳಗೇ ಕುಡಿಯೋ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಸುರಿದಿದ್ರು, 50ಕ್ಕೂ ಹೆಚ್ಚು ಕೆಲಸಗಾರರ ಹೊಟ್ಟೆಗೆ ಅದು ಹೋಯ್ತು. ಗೋಡೆ ಎಷ್ಟು ಎತ್ತರ ಕಟ್ಟಿದರೂ ಒಳಗಿನದು ಒಳಗೇ ಕೆಟ್ಟರೆ ಏನು ಮಾಡೋದು?

ಈಗ ಹೊಸ ಗಾಳಿ ಬೀಸ್ತಿದೆ. ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಕ್ಕೆ 2017ರಲ್ಲೇ ಕೇಂದ್ರ ಸಂಪುಟ ಒಪ್ಪಿದೆ. 2025ರ ಬಜೆಟ್ಟು 2047ಕ್ಕೆ 100 ಗಿಗಾವ್ಯಾಟ್ ಗುರಿ ಇಟ್ಟು, ಸಣ್ಣ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ಎತ್ತಿಟ್ಟಿತು. ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಅನ್ನೋ ಹೆಸರಿನ ಕಾನೂನು ಮಾಡಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆಗೀತು. ಕೆಟ್ಟ ಸಾಮಾನು ಕೊಟ್ಟ ಕಂಪನಿಯನ್ನ ಹಿಡಿಯೋಕೆ 2010ರ ಕಾನೂನಿನಲ್ಲಿದ್ದ ದಾರಿ ಹೊಸದರಲ್ಲಿ ಕಿರಿದಾಗಿದೆ. ಮುಚ್ಚುಮರೆ ಯಾಕೆ, ಇಂಥ ಕಂಪನಿಗಳು ಪ್ಲೇಸ್‌ಮೆಂಟಿಗೆ ಬಂದ್ರೆ ನಾವೇ ಮೊದಲು ಸಾಲಿನಲ್ಲಿ ನಿಲ್ಲೋರು. ಆದರೂ ಲಾಭ ಅವರಿಗೆ, ಅಪಘಾತ ನಮಗೆ ಅನ್ನೋ ಕರಾರು ನಮಗೆ ಒಪ್ಪಿಗೆ ಇಲ್ಲ. ಭೋಪಾಲ್ ಆದ ದೇಶ ಇದು.

ಕಾಕಾನ ಪ್ರಶ್ನೆಗೆ ಬರೋಣ. ಒಂದು ಪುಟದ ಲೆಕ್ಕ ಮಾಡಿದ್ವಿ. ಕೈಗಾದ 880 ಮೆಗಾವ್ಯಾಟು ಶೇ 85ರಷ್ಟು ಓಡಿದ್ರೆ ದಿನಕ್ಕೆ ಸುಮಾರು 1.8 ಕೋಟಿ ಯೂನಿಟ್. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟಿನದು, ಆದ್ರೆ ಸೂರ್ಯ ಇದ್ದಾಗ ಮಾತ್ರ. ಶೇ 20 ಹಿಡಿದರೆ ದಿನಕ್ಕೆ 1 ಕೋಟಿ ಯೂನಿಟ್ ಹತ್ತಿರ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಕೈಗಾ ಮುಚ್ಚಿ ಪ್ಯಾನೆಲ್ ಹಾಕಿ ಅನ್ನೋದು ಎಂಜಿನಿಯರ್ ಆಡೋ ಮಾತಲ್ಲ. ರಾತ್ರಿ ಆಸ್ಪತ್ರೆಗೂ ರೈಲಿಗೂ ಕರೆಂಟು ಬೇಕೇ ಬೇಕು.

ಆದ್ರೆ ಕಾಕಾಗೆ ಬೇಕಾದ್ದು ಅದಲ್ಲ. 10 ಎಚ್‌ಪಿ ಮೋಟರ್ 7 ತಾಸು ಓಡಿದ್ರೆ 52 ಯೂನಿಟ್ ಸಾಕು, ಅದು ಹಗಲಿನಲ್ಲಿ ಬೇಕು ಅಷ್ಟೇ. ಬೇರೆಯವರು ಮಲಗಿದ ಮೇಲೆ ಉಳಿದ ಕರೆಂಟು ರೈತನ ಪಾಲಿಗೆ ಬರೋದು, ಪುಕ್ಕಟೆ ಅನ್ನೋ ಕಾರಣಕ್ಕೆ ಅವನೂ ಬಾಯಿ ತೆಗೆಯೋದಿಲ್ಲ. ಪಂಪ್‌ಸೆಟ್ ಫೀಡರ್‌ಗಳಿಗೆ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಕೂರಿಸೋ ಕುಸುಮ್ ಯೋಜನೆ ರಾಜ್ಯದಲ್ಲಿ ಶುರುವಾಗಿದೆ. ಹೊಸ ರಿಯಾಕ್ಟರ್ ಎದ್ದು ನಿಲ್ಲೋ ಹೊತ್ತಿಗೆ ನಮಗೆ ಮದುವೆಯಾಗಿ ಮಕ್ಕಳಿರ್ತಾವೆ, ಇದು ಒಂದೆರಡು ವರ್ಷದ ಕೆಲಸ. ರಿಯಾಕ್ಟರಿಗೆ ಹುಡುಕೋ ದುಡ್ಡು, ಅವಸರ ಇದಕ್ಕೂ ಯಾಕೆ ಸಿಗಬಾರದು?

ಮೊನ್ನೆ ಫೋನ್ ಮಾಡಿ ಇಷ್ಟೂ ಹೇಳಿದ್ವಿ. ಕಾಕಾ ಪೂರ್ತಿ ಕೇಳಿಸಿಕೊಂಡ್ರು. "ಆತು, ಆಮ್ಯಾಲ ಮಾತಾಡೂಣು, ಈಗ ತ್ರೀ ಫೇಸ್ ಬಂತು" ಅಂದ್ರು. ಟೈಮ್ ನೋಡಿದ್ವಿ, ರಾತ್ರಿ 12 ದಾಟಿತ್ತು.