ಕಾವಲೂ ಸ್ವಾತಂತ್ರ್ಯವೂ

ಕಳ್ಳಕಾಕರ ಭಯವು ಹೆಚ್ಚಿದಾಗ ಜನರು ಮೊದಲು ತಮ್ಮ ಬಾಗಿಲಿಗೆ ಅಗುಳಿ ಹಾಕಿಕೊಳ್ಳುವರು. ಆಮೇಲೆ ನೆರೆಯವರ ಬಾಗಿಲಿಗೂ ತಾವೇ ಅಗುಳಿ ಹಾಕಲು ಹೊರಡುವರು. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಡೆಯ ನಮ್ಮ ವಾಚಕರಿಗೆ ಇದರ ಅನುಭವವು ಆಗಿಯೇ ಇರಬೇಕು. ನಾವಿರುವ ಬೀದಿಯ ನಿವಾಸಿಗಳ ಸಂಘದಿಂದ ಹೋದ ತಿಂಗಳು ಒಂದು ಸುತ್ತೋಲೆಯು ಬಂದಿತು. ರಾತ್ರಿ ಹತ್ತು ಗಂಟೆಯ ಮೇಲೆ ಬೀದಿಯ ಎರಡು ತುದಿಗಳಲ್ಲಿಯೂ ಗೇಟು ಹಾಕತಕ್ಕದ್ದು. ಮನೆಗೆಲಸದವರೂ ಅಡುಗೆಯವರೂ ಬಾಡಿಗೆದಾರರೂ ತಮ್ಮ ಆಧಾರ್ ಚೀಟಿಯ ಪ್ರತಿಯನ್ನೂ ಭಾವಚಿತ್ರವನ್ನೂ ಸಂಘಕ್ಕೆ ಒಪ್ಪಿಸತಕ್ಕದ್ದು. ಕೆಲಸದವರು ಹಿಂದಿರುಗುವಾಗ ಅವರ ಚೀಲಗಳನ್ನು ಕಾವಲುಗಾರನು ಬಿಚ್ಚಿ ನೋಡತಕ್ಕದ್ದು. ಇನ್ನೂ ಎಂಟು ಕ್ಯಾಮೆರಾಗಳನ್ನು ನಿಲ್ಲಿಸತಕ್ಕದ್ದು. ಕೆಳಗೆ ಒಪ್ಪಿದವರ ಸಹಿಗೆ ಸ್ಥಳ. ಒಪ್ಪದವರ ಸಹಿಗೆ ಸ್ಥಳವಿರಲಿಲ್ಲ.

ಭಯವು ಸುಳ್ಳೆಂದು ಹೇಳುವವರಲ್ಲ ನಾವು. ೨೦೨೫ನೆಯ ಇಸವಿ ಏಪ್ರಿಲ್ ತಿಂಗಳ ಮೊದಲಲ್ಲಿ ಬಿ.ಟಿ.ಎಂ. ಬಡಾವಣೆಯ ಸುದ್ದಗುಂಟೆಪಾಳ್ಯದ ಒಂದು ಬೀದಿಯಲ್ಲಿ ನಡುರಾತ್ರಿ ಕಳೆದ ಮೇಲೆ ಇಬ್ಬರು ತರುಣಿಯರು ನಡೆದುಹೋಗುತ್ತಿರಲು, ದುರುಳನೊಬ್ಬನು ಒಬ್ಬಳ ಮೇಲೆ ಕೈಮಾಡಿ ಓಡಿಹೋದನು. ಅಲ್ಲಿ ಕ್ಯಾಮೆರಾ ಇದ್ದಿತು. ಪೋಲೀಸಿನವರು ಸುಮಾರು ೭೦೦ ಕ್ಯಾಮೆರಾಗಳ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡಿ, ಕೆಲವೇ ದಿನಗಳಲ್ಲಿ ಆರೋಪಿಯನ್ನು ಕೇರಳದಲ್ಲಿ ಹಿಡಿದರು. ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಆತನು ಸಿಕ್ಕುವುದಕ್ಕೆ ಮುಂಚೆಯೇ ಅದೇ ಚಿತ್ರವು ಮನೆಮನೆಯ ಟೆಲಿಫೋನುಗಳಿಗೂ ಹರಿದುಬಂದಿತು. ಆ ಹೆಣ್ಣುಮಗಳ ಅಪಮಾನವನ್ನು ದೇಶವೆಲ್ಲ ಮತ್ತೆ ಮತ್ತೆ ನೋಡಿತು. ಆಕೆಯನ್ನು ಕೇಳಿದವರಾರು? ಒಂದೇ ಯಂತ್ರವು ಆಕೆಗೆ ಸಾಕ್ಷಿಯೂ ಆಯಿತು, ಎರಡನೆಯ ನೋವೂ ಆಯಿತು.

ಅದೇ ವರ್ಷದ ನವೆಂಬರ್ ೧೯ರಂದು ಜಯನಗರದ ಅಶೋಕ ಸ್ತಂಭದ ಬಳಿ ಹಾಡಹಗಲಿನಲ್ಲಿ ನಡೆದ ಪ್ರಕರಣವು ಇನ್ನೂ ವಿಚಾರಾರ್ಹವಾದುದು. ಯಂತ್ರಗಳಿಗೆ ಹಣ ತುಂಬುವ ವಾಹನವೊಂದನ್ನು ಕೆಲವರು ತಡೆದು, ತಾವು ರಿಜರ್ವ್ ಬ್ಯಾಂಕಿನ ಅಧಿಕಾರಿಗಳೆಂದೂ ಕಾಗದಪತ್ರಗಳನ್ನು ಪರೀಕ್ಷಿಸಬೇಕೆಂದೂ ಹೇಳಿದರು. ವಾಹನವು ಡೈರಿ ವೃತ್ತದ ಮೇಲ್ಸೇತುವೆಯ ಕಡೆಗೆ ಹೋಯಿತು. ೭ ಕೋಟಿ ೧೧ ಲಕ್ಷ ರೂಪಾಯಿ ಕೈ ಬದಲಾಯಿತು. ಕೆಲವು ದಿನಗಳಲ್ಲಿಯೇ ಹಣದ ಬಹುಪಾಲು ಸಿಕ್ಕಿತು. ಬಂಧಿತರಲ್ಲಿ ಪೋಲೀಸ್ ಪೇದೆಯೊಬ್ಬನೂ ಇದ್ದನು. ಇಲ್ಲಿ ಕಳ್ಳರ ಮುಖ್ಯ ಆಯುಧವು ಯಾವುದು? ಅಧಿಕಾರದ ಹೆಸರು. ‘ನಾವು ಸರ್ಕಾರದವರು’ ಎಂದೊಡನೆ ಪ್ರಶ್ನೆ ಕೇಳದೆ ಬಾಗುವ ನಮ್ಮ ಅಭ್ಯಾಸವೇ ಅವರಿಗೆ ದಾರಿ ತೆರೆಯಿತು. ‘ಡಿಜಿಟಲ್ ಬಂಧನ’ವೆಂಬ ಹೊಸ ಮೋಸವೂ ಇದೇ ಜಾತಿಯದು. ಅಂಥ ಬಂಧನವು ನಮ್ಮ ಕಾನೂನಿನಲ್ಲಿಯೇ ಇಲ್ಲವೆಂದು ೨೦೨೪ರ ಅಕ್ಟೋಬರಿನಲ್ಲಿ ಪ್ರಧಾನಿಗಳು ಆಕಾಶವಾಣಿಯಲ್ಲಿ ಹೇಳಬೇಕಾಯಿತು. ಟೆಲಿಫೋನಿನಲ್ಲಿ ಖಾಕಿ ಅಂಗಿಯನ್ನು ಕಂಡು, ಕೋಣೆಯ ಬಾಗಿಲು ಹಾಕಿಕೊಂಡು ಕುಳಿತು, ಜೀವಮಾನದ ಗಳಿಕೆಯನ್ನು ಕಳುಹಿಸಿಕೊಟ್ಟ ಸುಶಿಕ್ಷಿತರು ಈ ಊರಿನಲ್ಲಿ ಕಡಮೆಯಿಲ್ಲ. ಹಕ್ಕನ್ನು ಬಿಟ್ಟುಕೊಟ್ಟರೆ ಕ್ಷೇಮವು ಕೈಸೇರುವುದೆಂದು ನಂಬಿದವರು ಎರಡನ್ನೂ ಕಳೆದುಕೊಂಡರು.

ಸಂಸ್ಕೃತ ಬಲ್ಲವರು ಇಂಥ ಸಂದರ್ಭದಲ್ಲಿ ‘ಮಾತ್ಸ್ಯನ್ಯಾಯ’ವನ್ನು ಎತ್ತುವುದು ವಾಡಿಕೆ. ದಂಡವಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದು; ಆದುದರಿಂದ ದಂಡವು ಬೇಕು ಎಂಬುದಷ್ಟೆ ಅದರ ತಾತ್ಪರ್ಯವೆಂದು ಅವರು ನಿಲ್ಲಿಸಿಬಿಡುವರು. ಆದರೆ ಕೌಟಿಲ್ಯನು ಅಲ್ಲಿಗೆ ನಿಲ್ಲಿಸಿದವನಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಆ ‘ಅರ್ಥಶಾಸ್ತ್ರ’ದಲ್ಲಿ ನಗರಾಧಿಕಾರಿಯ ವಿಷಯವಾಗಿ ಒಂದು ಅಧ್ಯಾಯವಿರುವುದು. ಕೌಟಿಲ್ಯನು ಸ್ವಾತಂತ್ರ್ಯದ ಪಕ್ಷಪಾತಿಯೆಂದು ಯಾರೂ ಆಕ್ಷೇಪಿಸಲಾರರು. ಬೈರಾಗಿಯ ವೇಷದಲ್ಲಿಯೂ ವರ್ತಕನ ವೇಷದಲ್ಲಿಯೂ ಗೂಢಚಾರರನ್ನು ಅಟ್ಟಿದವನು ಆತ. ಮನೆಗೆ ಬಂದ ಅತಿಥಿಯ ವರ್ತಮಾನವನ್ನು ತಿಳಿಸಬೇಕೆಂದೂ, ರಾತ್ರಿ ವಾದ್ಯದ ಧ್ವನಿಯಾದ ಮೇಲೆ ಬೀದಿಯಲ್ಲಿ ಅಲೆಯಬಾರದೆಂದೂ ಆತನು ವಿಧಿಸಿರುವನು. ಆದರೂ ಹೆರಿಗೆಗೆ ಹೋಗುವವರನ್ನು, ವೈದ್ಯನನ್ನು, ಶವವನ್ನು ಒಯ್ಯುವವರನ್ನು, ದೀಪ ಹಿಡಿದು ಹೋಗುವವರನ್ನು, ಬೆಂಕಿ ಆರಿಸಲು ಓಡುವವರನ್ನು ಹಿಡಿಯಕೂಡದೆಂದು ಬಿಡಿಸಿ ಬಿಡಿಸಿ ಬರೆದಿರುವನು. ಅದಕ್ಕಿಂತ ಮೇಲಾದುದು ಇನ್ನೊಂದು: ಹಿಡಿಯಬೇಕಾದವನನ್ನು ಬಿಟ್ಟ ಕಾವಲುಗಾರನಿಗೆ ಇರುವಂತೆಯೇ, ಹಿಡಿಯಬಾರದವನನ್ನು ಹಿಡಿದ ಕಾವಲುಗಾರನಿಗೂ ಅಲ್ಲಿ ದಂಡವಿರುವುದು, ಅದೂ ರಾತ್ರಿ ಅಲೆದವನು ತೆರಬೇಕಾದುದಕ್ಕೆ ಎರಡರಷ್ಟು. ಸ್ತ್ರೀಯರಲ್ಲಿ ಅನುಚಿತವಾಗಿ ನಡೆದುಕೊಂಡ ಕಾವಲುಗಾರನಿಗೆ ಬೇರೆ ಶಿಕ್ಷೆ. ನಮ್ಮ ಸುತ್ತೋಲೆಯಲ್ಲಿ ಕಾವಲುಗಾರನಿಗೆ ಅಧಿಕಾರಗಳು ಮೂರು ಇದ್ದುವು; ದಂಡವೊಂದೂ ಇರಲಿಲ್ಲ.

ಈ ಕಾಲದ ಮಾತಿಗೆ ಬರೋಣ. ಕರ್ಣಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಬೆಂಗಳೂರಿನಲ್ಲಿದ್ದವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು, ಮನುಷ್ಯನ ಖಾಸಗಿ ಬಾಳು ಅವನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಸರ್ಕಾರವು ಅದರಲ್ಲಿ ಕೈಹಾಕಲೇ ಕೂಡದೆಂದು ಅವರು ಹೇಳಲಿಲ್ಲ. ಕಾನೂನಿನ ಆಧಾರವಿರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಉಪಾಯವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದರು. ಸೊಳ್ಳೆಯನ್ನು ಓಡಿಸಲು ಮನೆಗೆ ಬೆಂಕಿಯಿಡಬಾರದೆಂದು ನಮ್ಮ ಗೃಹಿಣಿಯರು ಹೇಳುವುದೂ ಇದನ್ನೇ. ಅದೇ ತೀರ್ಪಿನಲ್ಲಿ ೧೯೭೬ರ ಹಳೆಯ ತೀರ್ಪೊಂದು ರದ್ದಾಯಿತು. ತುರ್ತುಪರಿಸ್ಥಿತಿಯಲ್ಲಿ ಸೆರೆಗೆ ಹಾಕಲ್ಪಟ್ಟವನು ನ್ಯಾಯಾಲಯದ ಬಾಗಿಲು ತಟ್ಟಲಾರನೆಂದಿದ್ದ ತೀರ್ಪದು. ೧೯೭೫ರ ಜೂನಿನಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿಯವರ ಅರ್ಜಿಗಳೂ ಅದರಲ್ಲಿ ಸೇರಿದ್ದುವು. ಅವರನ್ನು ಇಟ್ಟಿದ್ದ ಸೆರೆಮನೆಯೇ ಇಂದಿನ ಫ್ರೀಡಂ ಪಾರ್ಕ್.

ಅಸ್ತು. ‘ತಪ್ಪು ಮಾಡದವರಿಗೆ ಭಯವೇತಕ್ಕೆ?’ ಎಂದು ನೆರೆಯವರೊಬ್ಬರು ನಮ್ಮನ್ನು ಕೇಳಿದರು. ಹಾಗಾದರೆ ಕೆಲಸದವರ ಚೀಲಗಳೊಡನೆ ತಮ್ಮ ಚೀಲವನ್ನೂ ಗೇಟಿನಲ್ಲಿ ಬಿಚ್ಚಬಹುದಲ್ಲವೆ ಎಂದೆವು. ಅವರಿಗೆ ಕೋಪ ಬಂದಿತು. ಆ ಕೋಪವು ನ್ಯಾಯವಾದುದೇ. ಆದರೆ ಬೆಳಗ್ಗೆ ಐದಕ್ಕೆ ಎದ್ದು ನಾಲ್ಕು ಮನೆಗಳ ಪಾತ್ರೆ ತೊಳೆಯುವಾಕೆಗೂ ಅದೇ ಕೋಪವಿರುವುದು. ಹೇಳಿದರೆ ಕೆಲಸ ಹೋಗುವುದೆಂದು ಹೇಳುವುದಿಲ್ಲ.

ಆದರೆ ಮೂಲೆಮನೆಯ ವೃದ್ಧೆಯ ಮಾತಿಗೆ ನಮ್ಮಲ್ಲಿ ಅಷ್ಟು ಸುಲಭವಾದ ಉತ್ತರವಿಲ್ಲ. “ಮೇಷ್ಟ್ರೆ, ನಿಮ್ಮ ಮನೇಲಿ ಜನ ಇದ್ದಾರೆ. ನಾನು ಒಬ್ಬಳೇ. ಗೇಟು ಹಾಕಿದರೆ ನನಗೆ ನಿದ್ದೆ ಬರುತ್ತೆ” ಎಂದರು. ಆಕೆಯ ನಿದ್ರೆಯನ್ನು ತತ್ತ್ವಕ್ಕೆ ಬಲಿ ಕೊಡೆಂದು ನಾವು ಹೇಳಲಾರೆವು. ಆದರೆ ಬೀದಿಯು ನಗರಪಾಲಿಕೆಯದು, ಸಂಘದ್ದಲ್ಲ. ಬೀಗ ಹಾಕಿದ ಗೇಟಿನ ಮುಂದೆ ಆಂಬ್ಯುಲೆನ್ಸು ನಿಂತರೆ, ಅದು ಆಕೆಗಾಗಿಯೇ ಬಂದುದಾಗಿರಬಹುದು.

ಕ್ಯಾಮೆರಾ ಬೇಡವೆಂಬುದು ನಮ್ಮ ಹಟವಲ್ಲ. ಜನಸಂದಣಿಯ ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು, ಚಿತ್ರಗಳನ್ನು ೩೦ ದಿನ ಕಾಪಾಡಬೇಕೆಂದು ನಮ್ಮ ರಾಜ್ಯದ ೨೦೧೭ರ ಸಾರ್ವಜನಿಕ ಸುರಕ್ಷತೆಯ ಕಾನೂನು ಹೇಳುವುದು. ನಮ್ಮ ಬೀದಿಯಲ್ಲಿ ಈಗಾಗಲೇ ಇರುವ ಎರಡು ಕ್ಯಾಮೆರಾಗಳ ಚಿತ್ರವು ಕೆಲವರ ಟೆಲಿಫೋನಿಗೆ ಬರುತ್ತಿರುವುದು. ಅದರಿಂದ ಇದುವರೆಗೆ ಸಿಕ್ಕಿಬಿದ್ದ ಕಳ್ಳನೊಬ್ಬನೂ ಇಲ್ಲ. ಯಾರ ಮನೆಯ ಮಗಳು ಎಷ್ಟು ಗಂಟೆಗೆ, ಯಾರ ವಾಹನದಲ್ಲಿ ಬಂದಳೆಂಬುದು ಮಾತ್ರ ಬೀದಿಗೆಲ್ಲ ತಿಳಿದಿರುವುದು.

ಆದುದರಿಂದ ನಾವು ಸಹಿ ಹಾಕದೆ, ಕಾಗದದ ಹಿಂಬದಿಯಲ್ಲಿ ನಾಲ್ಕು ಮಾತು ಬರೆದು ಹಿಂದಿರುಗಿಸಿದೆವು. ಚಿತ್ರಗಳನ್ನು ನೋಡಿದವರ ಹೆಸರನ್ನೂ ಕಾರಣವನ್ನೂ ಪುಸ್ತಕದಲ್ಲಿ ಬರೆಯಬೇಕು, ೩೦ ದಿನಗಳ ಮೇಲೆ ಅವನ್ನು ಅಳಿಸಬೇಕು. ಚೀಲ ಬಿಚ್ಚುವ ಕ್ರಮವು ಸರ್ವಥಾ ಕೂಡದು. ಗೇಟಿಗೆ ಬೀಗದ ಬದಲು ಎಚ್ಚರವಾಗಿರುವ ಮನುಷ್ಯನಿರಲಿ. ಆತನು ರಾತ್ರಿ ಎರಡು ಸಲ ಆ ವೃದ್ಧೆಯ ಮನೆಯ ಮುಂದೆ ಸುಳಿದು ಬರಲಿ. ಆರು ತಿಂಗಳಿಂದ ಉರಿಯದಿರುವ ಮೂರು ಬೀದಿದೀಪಗಳ ವಿಷಯವಾಗಿ ಎಲ್ಲರೂ ಸಹಿ ಮಾಡಿ ಪಾಲಿಕೆಗೆ ಅರ್ಜಿ ಕೊಡೋಣ. ಸಭೆಯು ಬರುವ ಭಾನುವಾರ ಪಾರ್ಕಿನಲ್ಲಿ ಸೇರುವುದು. ಆ ದಿನ ಮನೆಗೆಲಸದವರನ್ನೂ ಕರೆದು ಕುಳ್ಳಿರಿಸಿ ಕೇಳಬೇಕೆಂದು ಕಾರ್ಯದರ್ಶಿಗಳಿಗೆ ಬರೆದಿರುವೆವು. ಉತ್ತರವು ಇನ್ನೂ ಬಂದಿಲ್ಲ.