ಕೈ ಉಳಿಸುವ ವಿದ್ಯೆ ನಮ್ಮ ಜಿಲ್ಲೆಗೆ ಯಾಕೆ ಬರುವುದಿಲ್ಲ?

'ರಾಶಿ ಮಷಿನ್‌ಗೆ ಸಿಲುಕಿ ಕೈ ಕಳೆದುಕೊಂಡ ಯುವಕ.' ಇಂಥ ಸುದ್ದಿಯನ್ನು ನಾವು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಹೆಸರು, ವಯಸ್ಸು, ಊರು, ಠಾಣೆ. ನಾಲ್ಕು ಸಾಲು. ಪುಟದಲ್ಲಿ ಜಾಗ ಉಳಿದರೆ ಮೂಲೆಯಲ್ಲಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಮರುದಿನ ನಾವು ಬೇರೆ ಸುದ್ದಿಯ ಹಿಂದೆ. ಆ ಹುಡುಗನ ಕೈ ಏನಾಯಿತು, ಆಮೇಲೆ ಅವನು ಹೇಗೆ ದುಡಿದ ಎಂದು ಕೇಳಲು ನಾವು ವಾಪಸ್ ಹೋಗಿದ್ದು ಕಡಿಮೆ. ಈ ತಪ್ಪು ನಮ್ಮದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು.

ಈ ಸಲ ವಾಪಸ್ ಹೋದೆವು. ಕಬ್ಬು ಕಡಿಯುವ ಗ್ಯಾಂಗಿನ ಒಬ್ಬ ಅಕ್ಕನ ಮನೆಗೆ. ಎಂಟು ತಿಂಗಳ ಹಿಂದೆ ಕುಡಗೋಲು ಜಾರಿ ಎಡಗೈ ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆಗೆ ಗಾಯವಾಗಿತ್ತು. ಎರಡು ಇಂಚೂ ಇಲ್ಲದ ಗಾಯ. ಹತ್ತಿರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದರು. ಗಾಯ ಚೆನ್ನಾಗಿಯೇ ಮಾಯಿತು.

ಆದರೆ ಕೊನೆಯ ಎರಡು ಬೆರಳು ಒಳಕ್ಕೆ ಬಾಗಿ ಹಾಗೇ ನಿಂತಿವೆ. ಕಬ್ಬಿನ ಜಲ್ಲೆ ಹಿಡಿಯಲು ಬಿಗಿ ಸಿಗುವುದಿಲ್ಲ. ರೊಟ್ಟಿ ಬೇಯಿಸುವಾಗ ಕಿರುಬೆರಳು ಹಂಚಿಗೆ ತಾಗಿ ಸುಟ್ಟಿದೆ. ಸುಟ್ಟಿದ್ದು ಗೊತ್ತಾಗಿದ್ದು ಬೊಬ್ಬೆ ಬಂದ ಮೇಲೆ. "ಹೊಲಿಗಿ ಹಾಕ್ಯಾರ ತಮ್ಮಾ, ಗಾಯ ಮಾಯ್ದೈತಿ. ಆದ್ರ ಈ ಬಟ್ಟು ನಂದಲ್ಲ ಅನಸ್ತೈತಿ" ಅಂದರು. ಗ್ಯಾಂಗಿನಲ್ಲಿ ಗಂಡ-ಹೆಂಡತಿ ಜೋಡಿಯಾಗಿ ದುಡಿಯುವವರು. ಈಗ ಜೋಡಿ ಮುರಿದಿದೆ. ಗಂಡ ಒಬ್ಬರೇ ಹೋಗಿದ್ದಾರೆ, ಮುಂಗಡದ ಸಾಲ ಹಾಗೇ ಇದೆ.

ಆದದ್ದು ಇಷ್ಟೇ. ಚರ್ಮದ ಕೆಳಗೆ ಒಂದು ನರವೂ ಕತ್ತರಿಸಿತ್ತು. ಚರ್ಮ ಹೊಲಿದರು, ನರ ಹೊಲಿಯಲಿಲ್ಲ. ಅದು ಕತ್ತರಿಸಿದೆ ಎಂದು ನೋಡಲೇ ಇಲ್ಲ.

ಆ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯರನ್ನು ಬೈಯುವುದು ಸುಲಭ. ನಾವು ಬೈಯುವುದಿಲ್ಲ. ಹೆರಿಗೆ, ಹಾವು ಕಡಿತ, ಬೈಕ್ ಅಪಘಾತ, ವಿಷ ಕುಡಿದವರು, ಎಲ್ಲಕ್ಕೂ ಅವರೊಬ್ಬರೇ. ಅವರಿಗೆ ಇದನ್ನು ಕೂರಿಸಿ ಹೇಳಿಕೊಟ್ಟವರು ಯಾರು? ಅನುಮಾನ ಬಂದರೂ ಫೋನ್ ಮಾಡಲು ಜಿಲ್ಲೆಯಲ್ಲಿ ಯಾರಿದ್ದಾರೆ? ನಮ್ಮ ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದ ಬೋರ್ಡನ್ನು ಓದಿ ಬಂದೆವು. ಮೂಳೆ, ಕಣ್ಣು, ಕಿವಿ, ಹಲ್ಲು, ಚರ್ಮ ಎಲ್ಲ ಇದೆ. ಕೈ ಇಲ್ಲ. ನಿಮ್ಮ ಜಿಲ್ಲಾಸ್ಪತ್ರೆಯ ಬೋರ್ಡನ್ನೂ ಒಮ್ಮೆ ಓದಿ ನೋಡಿ.

ಕೈಗೇ ಒಬ್ಬ ಡಾಕ್ಟರ್?

ಹೌದು, ಕೈಗೇ. ಎಂಬಿಬಿಎಸ್ ಮುಗಿಸಿ, ಮೂಳೆ ಶಸ್ತ್ರಚಿಕಿತ್ಸೆ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿ, ಆಮೇಲೆ ಮತ್ತೆ ಎರಡು ವರ್ಷ ಕೈ ಮತ್ತು ನರಗಳನ್ನೇ ಕಲಿಯುವ ತರಬೇತಿಯೊಂದಿದೆ. ಅದನ್ನು ಫೆಲೋಶಿಪ್ ಅನ್ನುತ್ತಾರೆ. ಕೇಂದ್ರದ ರಾಷ್ಟ್ರೀಯ ಪರೀಕ್ಷಾ ಮಂಡಳಿಯೇ 'ಹ್ಯಾಂಡ್ ಅಂಡ್ ಮೈಕ್ರೋ ಸರ್ಜರಿ' ಹೆಸರಿನಲ್ಲಿ ಇದನ್ನು ನಡೆಸುತ್ತದೆ.

ಎರಡು ವರ್ಷ ಯಾಕೆ ಬೇಕು ಅಂತೀರಾ? ಬೆರಳಿಗೆ ರಕ್ತ ಒಯ್ಯುವ ನಾಳ ಸುಮಾರು ಒಂದು ಮಿಲಿಮೀಟರ್ ದಪ್ಪ. ಅದನ್ನು ಹೊಲಿಯುವ ದಾರ ನಮ್ಮ ತಲೆಗೂದಲಿಗಿಂತ ತೆಳು. ಬರಿಗಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಮೈಕ್ರೋಸ್ಕೋಪ್ ಕೆಳಗೆ ಹೊಲಿಯಬೇಕು. ಕಲಿಯುವವರು ಕೋಳಿ ತೊಡೆಯ, ಇಲಿಯ ರಕ್ತನಾಳದ ಮೇಲೆ ಕೈ ಪಳಗಿಸಿಕೊಂಡ ಮೇಲೇ ಮನುಷ್ಯರ ಬೆರಳಿಗೆ ಬರುವುದು. 1965ರಲ್ಲಿ ಜಪಾನಿನ ವೈದ್ಯರು ಪೂರ್ತಿ ಕತ್ತರಿಸಿ ಹೋಗಿದ್ದ ಹೆಬ್ಬೆರಳನ್ನು ಹೀಗೆ ಮತ್ತೆ ಜೋಡಿಸಿ ತೋರಿಸಿದರು. ಅಂದರೆ ಇದು ನಿನ್ನೆ ಮೊನ್ನೆಯ ಪವಾಡವಲ್ಲ, ಅರವತ್ತು ವರ್ಷ ಹಳೆಯ ವಿದ್ಯೆ.

ನಾವು ಊರಲ್ಲಿ ಎಲ್ಲಕ್ಕೂ 'ನರ' ಅಂತೇವೆ. ರಕ್ತನಾಳಕ್ಕೂ ನರ, ಬೆರಳನ್ನು ಎಳೆಯುವ ಹುರಿಗೂ ನರ. ಕೈ ವೈದ್ಯರಿಗೆ ಮೂರೂ ಬೇರೆ. ರಕ್ತನಾಳ ಕತ್ತರಿಸಿದರೆ ಬೆರಳು ಸಾಯುತ್ತದೆ. ಹುರಿ ಕತ್ತರಿಸಿದರೆ ಬೆರಳು ಮಡಚುವುದಿಲ್ಲ. ನರ ಕತ್ತರಿಸಿದರೆ ಸ್ಪರ್ಶವೂ ಹೋಗುತ್ತದೆ, ಬಲವೂ ಹೋಗುತ್ತದೆ. ಮೂರನ್ನೂ ಹೊಲಿಗೆ ಹಾಕುವ ಮೊದಲೇ ಪತ್ತೆ ಮಾಡಬಹುದು. ಅದಕ್ಕೆ ಮಷಿನ್ ಬೇಡ. ಬೆರಳಿನ ತುದಿಗೆ ರಕ್ತ ಬರುತ್ತಿದೆಯೇ, ಒಂದೊಂದೇ ಬೆರಳಿನ ತುದಿ ಮಡಚುತ್ತದೆಯೇ, ಪ್ರತಿ ಬೆರಳಿನಲ್ಲೂ ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ನೋಡಬೇಕು. ಎರಡು ನಿಮಿಷದ ಕೆಲಸ. ಇದನ್ನು ಓದುತ್ತಿರುವ ನೀವು ನೆನಪಿಡಿ: ಕೈಗೆ ಗಾಯವಾದರೆ, ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲು ಇಷ್ಟನ್ನು ನೋಡಿ ಎಂದು ವೈದ್ಯರನ್ನು ಕೇಳಿ. ಕೇಳುವುದು ತಪ್ಪಲ್ಲ.

ಹೊತ್ತು ಕಾಯುವುದಿಲ್ಲ

ಕೈಯ ವಿಷಯದಲ್ಲಿ ದೂರ ಅಂದರೆ ಕಿಲೋಮೀಟರ್ ಅಲ್ಲ, ಗಂಟೆ. ತುಂಡಾದ ಬೆರಳನ್ನು ತಂಪಾಗಿ ಇಟ್ಟರೆ ಸುಮಾರು 24 ಗಂಟೆಯವರೆಗೂ ಜೋಡಿಸುವ ಆಸೆ ಇರುತ್ತದೆ. ಮೊಣಕೈ ಹತ್ತಿರ ತುಂಡಾದರೆ ಮಾಂಸಖಂಡ ಹೆಚ್ಚು, ಅದು ಬೇಗ ಕೆಡುತ್ತದೆ. ತಂಪು ಮಾಡದಿದ್ದರೆ ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ರಾತ್ರಿ. ಲೆಕ್ಕ ನೀವೇ ಹಾಕಿ.

ತುಂಡನ್ನು ತಂಪಾಗಿ ಇಡುವುದೂ ಎಷ್ಟೋ ಜನರಿಗೆ ಗೊತ್ತಿಲ್ಲ. ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಅದರಲ್ಲಿ ಬೆರಳು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿ ಇಡಬೇಕು. ಬೆರಳನ್ನು ನೇರವಾಗಿ ಐಸಿಗೆ ಹಾಕಬಾರದು, ಹಾಕಿದರೆ ಅದೂ ಕೆಡುತ್ತದೆ. ಗಾಯಕ್ಕೆ ಅರಿಸಿನ, ಕಾಫಿಪುಡಿ ಮೆತ್ತಬಾರದು. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ಕೈ ಎತ್ತಿ ಹಿಡಿದು, 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಕಾಣದ ಗಾಯವಿದೆ. ಬೈಕಿನಿಂದ ಬಿದ್ದಾಗ ಕುತ್ತಿಗೆ ಒಂದು ಕಡೆ, ಹೆಗಲು ಒಂದು ಕಡೆ ಎಳೆದು, ಕೈಗೆ ಬರುವ ನರಗಳ ಕಟ್ಟೇ ಕಿತ್ತು ಹೋಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇರಬಹುದು. ಕೈ ಮಾತ್ರ ಜೋತು ಬಿದ್ದಿರುತ್ತದೆ. 'ನೋಡೋಣ, ಸರಿ ಹೋಗಬಹುದು' ಅಂತ ಎಣ್ಣೆ ತಿಕ್ಕಿಸಿಕೊಂಡು, ದೇವರಿಗೆ ಹರಕೆ ಹೊತ್ತು ವರ್ಷ ಕಳೆದ ಹುಡುಗರನ್ನು ನಾವು ನೋಡಿದ್ದೇವೆ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಅದು ತಲುಪುವಷ್ಟರಲ್ಲಿ ಮಾಂಸಖಂಡ ಬತ್ತಿ ಹೋಗಿದ್ದರೆ ಏನು ಮಾಡಿದರೂ ಫಲವಿಲ್ಲ. ತಾನಾಗಿ ಚೇತರಿಸುವುದಿಲ್ಲ ಎಂದಾದರೆ ಮೂರರಿಂದ ಆರು ತಿಂಗಳೊಳಗೆ ಆಪರೇಷನ್ ಆದರೆ ಆಸೆ ಹೆಚ್ಚು. 1994ರಲ್ಲಿ ಫ್ರಾನ್ಸಿನ ಒಬರ್ಲಿನ್ ಎಂಬ ವೈದ್ಯರು ಒಂದು ದಾರಿ ತೋರಿಸಿದರು. ಹಸ್ತಕ್ಕೆ ಹೋಗುವ ನರ ಚೆನ್ನಾಗಿದ್ದರೆ ಅದರಿಂದ ಒಂದೆರಡು ಎಳೆ ತೆಗೆದು, ಮೊಣಕೈ ಮಡಚುವ ಮಾಂಸಖಂಡದ ನರಕ್ಕೆ ಜೋಡಿಸುವುದು. ಇಂಥ ಆಪರೇಷನ್ ನಮ್ಮ ದೇಶದಲ್ಲೂ ಆಗುತ್ತಿದೆ. ಅದು ಇದೆ ಎಂಬ ಮಾತು ಕೂಡ ನಮ್ಮ ಹುಡುಗರ ಕಿವಿಗೆ ಸಮಯಕ್ಕೆ ಬೀಳುವುದಿಲ್ಲ.

ಇದು ದೊಡ್ಡವರ ಚಿಕಿತ್ಸೆ ಅಂದವರಿಗೆ

'ಅರಿವಳಿಕೆ ಕೊಡುವ ಡಾಕ್ಟರೇ ಇಲ್ಲದ ಕಡೆ ಕೈ ಡಾಕ್ಟರ್ ಕೇಳ್ತೀರಲ್ಲ' ಎಂದು ನಮ್ಮನ್ನು ನಕ್ಕವರಿದ್ದಾರೆ. ಅವರಿಗೆ ಚರಿತ್ರೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಕೈ ಶಸ್ತ್ರಚಿಕಿತ್ಸೆ ಬೆಳೆದದ್ದು ಶ್ರೀಮಂತರ ಕೈಯಿಂದಲ್ಲ, ಕುಷ್ಠರೋಗಿಗಳ ಕೈಯಿಂದ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರಾಂಡ್, ಊರು ಹೊರಗೆ ಹಾಕಿದ್ದ ಆ ಜನರ ಮುದುಡಿದ ಬೆರಳುಗಳಿಗೆ, ಬಲ ಉಳಿದಿದ್ದ ಕಡೆಯಿಂದ ಹುರಿ ತಂದು ಜೋಡಿಸಿ ಮತ್ತೆ ಕೆಲಸ ಕೊಟ್ಟರು. ಬೆರಳು ಸವೆದು ಹೋಗುವುದಕ್ಕೆ ಸ್ಪರ್ಶ ಇಲ್ಲದೆ ಆಗುವ ಗಾಯವೇ ದೊಡ್ಡ ಕಾರಣ ಎಂದು ತೋರಿಸಿಕೊಟ್ಟರು. ಹಂಚಿಗೆ ತಾಗಿ ಬೆರಳು ಸುಟ್ಟುಕೊಂಡ ನಮ್ಮ ಅಕ್ಕನ ಕಷ್ಟವೂ ಅದೇ.

ಚೆನ್ನೈನ ಸ್ಟ್ಯಾನ್ಲಿ ಆಸ್ಪತ್ರೆ ಸರ್ಕಾರದ್ದು. ಅಲ್ಲಿ 1970ರ ದಶಕದಲ್ಲೇ ಡಾ. ಆರ್. ವೆಂಕಟಸ್ವಾಮಿ ಕೈಗಾಗಿಯೇ ವಿಭಾಗ ಕಟ್ಟಿದರು. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಖಾಸಗಿಯದು. ಅಲ್ಲಿ ಡಾ. ಎಸ್. ರಾಜಾ ಸಭಾಪತಿ ಅವರ ವಿಭಾಗಕ್ಕೆ ಹೊರದೇಶಗಳ ಸರ್ಜನ್‌ಗಳೂ ಕಲಿಯಲು ಬರುತ್ತಾರೆ. ಗಿರಣಿ, ಕಾರ್ಖಾನೆಗಳ ಊರಲ್ಲಿ ದುಡಿಯುವವರ ಕೈಗಳೇ ಅವರಿಗೆ ಪಾಠ ಕಲಿಸಿದ್ದು. ಪಕ್ಕದ ರಾಜ್ಯದ ಸರ್ಕಾರಿ ಆಸ್ಪತ್ರೆಗೆ ಐವತ್ತು ವರ್ಷದ ಹಿಂದೆ ಆದದ್ದು ನಮಗೆ ಈಗಲೂ ದುಬಾರಿಯೇ?

'ಹಳ್ಳಿ ಕಡೆ ಯಾರೂ ಬರಲ್ಲ' ಎಂಬುದು ಎರಡನೇ ಮಾತು. ಬರಲು ಹುದ್ದೆ ಬೇಕಲ್ಲ? ಮೈಕ್ರೋಸ್ಕೋಪ್ ಇಲ್ಲ, ಫಿಸಿಯೋಥೆರಪಿ ಮಾಡಿಸುವವರಿಲ್ಲ, ಹುದ್ದೆಯೂ ಇಲ್ಲ. ಕಲಿತು ಬಂದವರನ್ನು ಮೂಳೆ ವಿಭಾಗದ ಸಾಲಿನಲ್ಲಿ ಕೂರಿಸಿ ಪ್ಲಾಸ್ಟರ್ ಹಾಕಿಸಿದರೆ ಎರಡು ವರ್ಷದ ವಿದ್ಯೆ ಏನಾಗಬೇಕು? ಮಗ್ಗ ಇಲ್ಲದ ಊರಿಗೆ ನೇಕಾರನನ್ನು ಕರೆದು, ಸೀರೆ ನೇಯಲಿಲ್ಲ ಅಂತ ಬೈದ ಹಾಗೆ.

'ಜೋಡಿಸಿದ ಬೆರಳೆಲ್ಲ ಉಳಿಯುತ್ತಾ?' ಎಂಬುದು ಮೂರನೇ ಮಾತು. ಇಲ್ಲ, ಉಳಿಯುವುದಿಲ್ಲ. ಗಾಣದಲ್ಲಿ ಅರೆದು ಹೋದ ಕೈಯನ್ನು ಯಾರೂ ಮೊದಲಿನಂತೆ ಮಾಡಲಾರರು. ಆದರೆ ಎಷ್ಟು ಉಳಿಸಬೇಕು, ಎಲ್ಲಿ ಚರ್ಮ ಮುಚ್ಚಬೇಕು, ಯಾವ ಬೆರಳು ಮೊದಲು ಎಂಬ ತೀರ್ಮಾನ ಮೊದಲ ಆಪರೇಷನ್ನಿನಲ್ಲೇ ಆಗುತ್ತದೆ. ಕೈಯ ಕೆಲಸದಲ್ಲಿ ಹೆಬ್ಬೆರಳೊಂದರ ಪಾಲೇ ಶೇ 40ರಷ್ಟು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅದು ಹೋದರೆ ಕಾಲಿನ ಬೆರಳು ತಂದು ಹೆಬ್ಬೆರಳು ಮಾಡುವವರಿದ್ದಾರೆ. ಹೆಬ್ಬೆಟ್ಟು ಒತ್ತಿಸಿಕೊಂಡು ರೇಷನ್ ಕೊಡುವ ಸರ್ಕಾರಕ್ಕೆ, ಆ ಹೆಬ್ಬೆಟ್ಟನ್ನು ಉಳಿಸುವ ವೈದ್ಯ ಬೇಡವೇ?

ರಾಶಿ ಮಷಿನ್ ಕೈ ತಿನ್ನುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೂ ಅಲ್ಲ. ಅದಕ್ಕಾಗಿಯೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಅದರಲ್ಲಿ ಅಂಗ ಕಳೆದುಕೊಂಡವರಿಗೆ ಪರಿಹಾರದ ಮಾತೂ ಇದೆ. ಕೈ ಹೋದರೆ ದುಡ್ಡು ಕೊಡಬೇಕು ಎಂದು ನಲವತ್ತು ವರ್ಷದ ಹಿಂದೆಯೇ ಬರೆದವರು, ಕೈ ಹೋಗದಂತೆ ನೋಡುವ ವೈದ್ಯರನ್ನು ಜಿಲ್ಲೆಗೆ ಕೊಡಲು ಮರೆತರು.

ನಮ್ಮ ಬೇಡಿಕೆ

ಒಂದು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ನಾಲ್ಕೂ ವಿಭಾಗಗಳಲ್ಲಿ ತಲಾ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪೂರ್ಣ ಪ್ರಮಾಣದ ಕೈ ವಿಭಾಗ ಬೇಕು. ಹುದ್ದೆ, ಮೈಕ್ರೋಸ್ಕೋಪ್, ಫಿಸಿಯೋಥೆರಪಿ ಸಮೇತ. ಬೆಂಗಳೂರು, ಮೈಸೂರಿನಿಂದ ಶುರು ಮಾಡಿ ಅಲ್ಲೇ ನಿಲ್ಲಿಸುವ ಹಳೇ ಚಾಳಿ ಬೇಡ. ಈ ಸಲ ಕಲಬುರಗಿ, ಬೆಳಗಾವಿಯಿಂದ ಶುರುವಾಗಲಿ.

ಎರಡು: ಫೆಲೋಶಿಪ್ ಸೀಟುಗಳು ಆ ವಿಭಾಗಗಳಲ್ಲೇ ಇರಲಿ. ಸರ್ಕಾರಿ ಸೇವೆಯಲ್ಲಿರುವ ಮೂಳೆ ವೈದ್ಯರನ್ನು ಸಂಬಳ ಕೊಟ್ಟು ಕಲಿಯಲು ಕಳಿಸಲಿ, ಕಲಿತ ಮೇಲೆ ಅದೇ ಕೆಲಸಕ್ಕೆ ವಾಪಸ್ ಹಾಕಲಿ.

ಮೂರು: ಎಂ.ಡಿ., ಎಂ.ಎಸ್. ಓದುವವರು ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಲ್ಲೇ ಬಂದಿದೆ. ಕೈ ಫೆಲೋಶಿಪ್‌ಗೂ ಅಂಥದ್ದೇ ನಿಯಮ ಬರಲಿ. ಸುಗ್ಗಿಯ ಮೂರು ತಿಂಗಳು ಅವರು ನಮ್ಮಲ್ಲಿರಲಿ. ಅವರಿಗೂ ಕಲಿಯಲು ಕೈಗಳ ಕೊರತೆ ಆಗುವುದಿಲ್ಲ.

ನಾಲ್ಕು: ತಾಲ್ಲೂಕು ಆಸ್ಪತ್ರೆಗಳ ಡ್ಯೂಟಿ ವೈದ್ಯರಿಗೆ ಒಂದು ವಾರದ ತರಬೇತಿ. ಹೊಲಿಯುವ ಮೊದಲು ನೋಡುವುದು, ಅನುಮಾನ ಬಂದರೆ ಫೋಟೊ ಕಳಿಸಿ ವಿಭಾಗದವರನ್ನು ಕೇಳುವುದು. ನಾಲ್ಕರಲ್ಲಿ ಅತಿ ಅಗ್ಗದ್ದು ಇದೇ. ನಾಳೆಯೇ ಶುರು ಮಾಡಬಹುದು.

ನಮ್ಮದೂ ಒಂದು ಮಾತು. ಇನ್ನು ಮೇಲೆ ಕೈ ಹೋದ ಸುದ್ದಿ ಬರೆದಾಗ, ಎಷ್ಟು ಗಂಟೆಗೆ ಗಾಯವಾಯಿತು, ಎಷ್ಟು ಗಂಟೆಗೆ ಕೈ ಬಲ್ಲ ವೈದ್ಯರು ನೋಡಿದರು ಎಂಬುದನ್ನೂ ಬರೆಯುತ್ತೇವೆ. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಹಾಕುತ್ತೇವೆ. ನಿಮ್ಮೂರಲ್ಲಿ ಹೀಗಾಗಿದ್ದರೆ ನಮಗೆ ಹೇಳಿ, ನಿಮ್ಮ ಶಾಸಕರು ಊರಿಗೆ ಬಂದಾಗ ಆ ಎರಡು ಗಂಟೆಗಳ ನಡುವಿನ ಅಂತರವನ್ನು ಅವರ ಮುಂದೆ ಹೇಳಿ. ಅವರು ಕೈ ಮುಗಿದೇ ಮತ ಕೇಳಲು ಬರುತ್ತಾರೆ. ತಿರುಗಿ ಕೈ ಮುಗಿಯಲು ನಮ್ಮ ಅಕ್ಕನಿಗೆ ಎರಡು ಬೆರಳು ನೆಟ್ಟಗಾಗುವುದಿಲ್ಲ ಎಂದೂ ಹೇಳಿ.